ಶಿವಕ್ಕನ ಅಗರು ಸರ

"ಇದು ಅಗರು ಅಲ್ಲ!"

ನೀಲಾಂಬಿಕೆಯ ಬಾಯಿಂದ ಆ ಮಾತು ಬಿದ್ದದ್ದೇ ತಡ, ನಡುಮನೆಯಲ್ಲಿದ್ದವರೆಲ್ಲ ಅವಳತ್ತ ತಿರುಗಿದರು.

ಅವಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಕೆಂಗೇರಿಯ ಶಿವಕ್ಕ ಮತ್ತು ಅವರ ಒಬ್ಬನೇ ಮಗ ಗುರುಸಿದ್ದಯ್ಯ. ಬಿನ್ನಿಪೇಟೆಯ ಮಿಲ್ಲಿನಲ್ಲಿ ಗುಮಾಸ್ತ. ಶಿವಕ್ಕನಿಗೆ ಹುಡುಗಿ ಕಂಡ ಕೂಡಲೇ ಹಿಡಿಸಿಬಿಟ್ಟಿದ್ದಳು. ಕೊರಳಲ್ಲಿದ್ದ ಕಪ್ಪು ಮಣಿಯ ಸರ ತೆಗೆದು, ನೀಲಾ ಒಡ್ಡಿದ ಸೆರಗಿಗೆ ಹಾಕಿದ್ದರು.

"ನಮ್ ಯಜಮಾನ್ರು ಮದ್ವೆ ಆದ ವರ್ಷ ತಂದ್ಕೊಟ್ಟಿದ್ದು ಕಣವ್ವ. ಅಸ್ಸಾಮಿನ ಅಗರು ಮರದ ಮಣಿ. ಅವರು ಹೋದ್ಮೇಲೂ ಇದೊಂದನ್ನ ನಾನು ಬಿಟ್ಟಿಲ್ಲ. ಇನ್ಮೇಲೆ ಇದು ನಿಂದು."

ಹಿರಿಯರು ಮಾತಾಡುವಷ್ಟು ಹೊತ್ತೂ ನೀಲಾ ಸರವನ್ನು ಸೆರಗಿನಲ್ಲೇ ಬಿಗಿಯಾಗಿ ಹಿಡಿದಿದ್ದಳು. ಆಮೇಲೆ ಮೂಗಿನ ಹತ್ತಿರ ತಂದಳು. ಏನೂ ಇಲ್ಲ! ಒಣ ಸೌದೆಗಿರುವಷ್ಟು ವಾಸನೆಯೂ ಇಲ್ಲ.

"ಯಾವುದೋ ಮರಕ್ಕೆ ಕಪ್ಪು ಬಣ್ಣ ಬಳಿದಿದಾರೆ ಅಮ್ಮಾ. ನಿಮ್ ಯಜಮಾನ್ರಿಗೆ ಯಾರೋ ಮೋಸ ಮಾಡಿದಾರೆ. ಇಲ್ಲಾಂದ್ರೆ..."

ಮುಂದಿನದನ್ನು ಅವಳು ನುಂಗಿಕೊಂಡಳು. ಆದರೆ ಆ 'ಇಲ್ಲಾಂದ್ರೆ' ಶಿವಕ್ಕನಿಗೆ ಸಾಕಾಗಿತ್ತು. ಇಲ್ಲಾಂದ್ರೆ ಏನು? ಗಂಡನೇ ಸುಳ್ಳು ಹೇಳಿದ್ದನೆ? ಇಷ್ಟು ವರ್ಷ ಯಾವುದೋ ಕಟ್ಟಿಗೆಯನ್ನು ಎದೆಗಪ್ಪಿಕೊಂಡಿದ್ದಳೆ ತಾನು? ಅವರ ತುಟಿ ನಡುಗಿತು.

ಗುರುಸಿದ್ದಯ್ಯ ಎದ್ದು ನಿಂತ. ಸರವನ್ನು ತೆಗೆದುಕೊಂಡು ತಾಯಿಯ ತೋಳು ಹಿಡಿದ.

"ಏಳಮ್ಮ, ಹೋಗೋಣ."

ಹೊಸಿಲು ದಾಟುವ ಮುಂಚೆ ಒಮ್ಮೆ ತಿರುಗಿದ. ಅವನ ಕಣ್ಣು ಕೆಂಪಾಗಿತ್ತು.

"ನಾನು ಹಿಡಿಸಲಿಲ್ಲ ಅಂದ್ರೆ ಇಲ್ಲ ಅಂತ ಹೇಳ್ಬಹುದಿತ್ತು. ಸತ್ತೋರ ಮೇಲೆ ಯಾಕೆ ಹಾಕಿದ್ರಿ?"

ಅಯ್ಯೋ... ಹಾಗಲ್ಲ! ಎಂದು ಕೂಗಬೇಕೆನ್ನಿಸಿತು ನೀಲಾಳಿಗೆ. ಅಷ್ಟರಲ್ಲಿ ಅವರು ಬೀದಿಯ ತಿರುವು ದಾಟಿದ್ದರು.

ಕನ್ನಡ ಸೀಮೆಗಳೆಲ್ಲ ಒಂದು ರಾಜ್ಯವಾಗುವ ಹಿಂದಿನ ವರ್ಷದ ಮಾತಿದು. ರಾಜಾಜಿನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಅಲ್ಲಿ ನೀಲಾಳ ತಂದೆ ಗಂಗಾಧರಯ್ಯ ಊದುಬತ್ತಿ ಮಾಡಿಸುತ್ತಿದ್ದರು. ಮಗಳ ಮೂಗು ಅವರ ಹೆಮ್ಮೆ. ವ್ಯಾಪಾರಿ ತಂದ ಅಗರು ಚಕ್ಕೆಯನ್ನು ಅವಳು ಮೂಸಿ "ಸರಿ" ಎಂದರೆ ಮಾತ್ರ ಮಾಲು ಒಳಗೆ ಬರುತ್ತಿತ್ತು.

ಅವಳಿಗೂ ಅದೊಂದು ಹುಚ್ಚು. ಸಿಟಿ ಮಾರ್ಕೆಟ್ಟಿನ ಅತ್ತರು ಸಾಬರು ಕೊಟ್ಟ ಹಳೆಯ ಜಪಮಣಿ, ಕಡೆಗೆ ಉಳಿದ ಚಕ್ಕೆಯಿಂದ ತಂದೆ ಕಡೆಸಿಕೊಟ್ಟ ಮಣಿ, ಹೀಗೆ ಚಿಕ್ಕಂದಿನಿಂದ ಕೂಡಿಟ್ಟದ್ದನ್ನು ರೇಷ್ಮೆ ದಾರದಲ್ಲಿ ಪೋಣಿಸಿ ತಗಡಿನ ಡಬ್ಬಿಯಲ್ಲಿ ಇಟ್ಟಿದ್ದಳು. ನೀರು ಸೋಕಿಸುವಂತಿಲ್ಲ, ಎಣ್ಣೆ ತಾಗಿಸುವಂತಿಲ್ಲ. ಚಳಿಗೆ ಮುದುಡಿ ಮಲಗುವ ಮಗುವಿನ ಹಾಗೆ ಅಗರು. ಮೈ ಬಿಸಿ ತಗುಲಿದರೆ ಮೆಲ್ಲಗೆ ಎದ್ದು ಪರಿಮಳ ಬಿಡುತ್ತದೆ.

ಇಷ್ಟೆಲ್ಲ ಗೊತ್ತಿದ್ದವಳಿಗೆ ಆ ಮನೆಯ ಇನ್ನೊಂದು ಕಟ್ಟಳೆಯೂ ಗೊತ್ತಿತ್ತು. ಊದುಬತ್ತಿಯ ಮಸಾಲೆ ಕಲಸಿದ ದಿನ ಮೂಗನ್ನು ನಂಬಬಾರದು! ಬೆಳಗಿನಿಂದ ಸಾಂಬ್ರಾಣಿ, ಗಂಧದ ಪುಡಿ, ಪುನುಗಿನ ನಡುವೆ ಕೂತ ಮೂಗು ಸಂಜೆಯ ಹೊತ್ತಿಗೆ ಸತ್ತಿರುತ್ತದೆ. ಅಂಥ ದಿನ ಗಂಗಾಧರಯ್ಯ ಬಂದ ವ್ಯಾಪಾರಿಯನ್ನೂ ವಾಪಸು ಕಳಿಸುತ್ತಿದ್ದರು.

ಗಂಡಿನ ಕಡೆಯವರು ಬಂದದ್ದು ಮಸಾಲೆ ಕಲಸಿದ ದಿನವೇ.

ಮರುದಿನ ಬೆಳಿಗ್ಗೆ ನಿನ್ನೆಯ ಸೀರೆ ಮಡಿಸಲು ಕೊಡವಿದಳು, ಅಷ್ಟೆ. ಸರ ಹಿಡಿದಿದ್ದ ಸೆರಗಿನಿಂದ ಪರಿಮಳ ಎದ್ದಿತು. ಗಾಢವಾಗಿ, ಸ್ವಲ್ಪ ಸಿಹಿಯಾಗಿ... ಅಂಥ ಅಗರು ಅವಳ ಡಬ್ಬಿಯಲ್ಲೂ ಇರಲಿಲ್ಲ!

'ಶಿವನೇ! ನಾನೇನು ಮಾಡಿದೆ?'

ಓಡಿಹೋಗಿ ತಂದೆಗೆ ಸೆರಗು ತೋರಿಸಿದಳು. ಅವರು ಒಮ್ಮೆ ಮೂಸಿದರು, ಮತ್ತೆ ಮೂಸಿದರು.

"ಅಪ್ಪಾಜಿ, ಕೆಂಗೇರಿಗೆ ಹೋಗಿ ತಪ್ಪಾಯ್ತು ಅಂತೀನಿ."

"ಸುಮ್ನಿರು ನೀಲಾ. ನಿನ್ ಮೂಗು ತಪ್ಪಿತು ಅಂತ ಪೇಟೆಗೆ ಗೊತ್ತಾದ್ರೆ ನಾಳೆ ಯಾರು ನಮ್ಮ ಮಾತು ನಂಬ್ತಾರೆ? ಸಂಬಂಧ ಹೇಗೂ ಮುರೀತು. ಬಿಟ್ಬಿಡು."

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಬಿಡುವುದೇನು ಸುಲಭವೆ? ಅನ್ನ ಸೇರಲಿಲ್ಲ. ಕಣ್ಣು ಮುಚ್ಚಿದರೆ ಶಿವಕ್ಕನ ನಡುಗುವ ತುಟಿ. ಆ ತಾಯಿ ಈಗ ಗಂಡನ ಫೋಟೊದ ಮುಂದೆ ಹೇಗೆ ಕೈ ಮುಗಿಯುತ್ತಾಳೋ ಎಂದು ನೆನೆದು ಅಳುತ್ತಿದ್ದಳು. ಡಬ್ಬಿಯ ಮುಚ್ಚಳ ತೆಗೆಯುವ ಮನಸ್ಸೇ ಬರಲಿಲ್ಲ.

ಒಂದು ವಾರ ಕಳೆದಿರಬೇಕು. ವ್ಯಾಪಾರಿಯೊಬ್ಬ ಮೂಟೆ ಬಿಚ್ಚಿ, "ಮೂಸಿ ನೋಡವ್ವ" ಎಂದು ಚಕ್ಕೆ ಚಾಚಿದ. ನೀಲಾ ಕೈ ಹಿಂದಕ್ಕೆ ಎಳೆದುಕೊಂಡಳು.

"ನನ್ನನ್ನ ಕೇಳ್ಬೇಡಿ. ನಾನು ಒಳ್ಳೇ ಅಗರನ್ನ ಅಗರಲ್ಲ ಅಂದು, ಒಬ್ರು ಮನಸ್ಸು ಮುರಿದಿದೀನಿ. ಅವರ ಕಾಲಿಗೆ ಬೀಳೋ ತನಕ ಯಾವುದನ್ನೂ ಮೂಸಲ್ಲ!"

ವ್ಯಾಪಾರಿ ಕಕ್ಕಾಬಿಕ್ಕಿಯಾದ. ಸಂಜೆಯೊಳಗೆ ಪೇಟೆಗೆಲ್ಲ ಸುದ್ದಿ ಹಬ್ಬುವುದು ಖಂಡಿತ. ಗಂಗಾಧರಯ್ಯ ಮಗಳ ಮುಖ ನೋಡಿದರು. ಗೂಟಕ್ಕೆ ಹಾಕಿದ್ದ ಕೋಟನ್ನು ಕೈಗೆತ್ತಿಕೊಂಡರು.

"ಹೊರಡು. ಮಧ್ಯಾಹ್ನದ ರೈಲಿಗೆ ಹೋಗೋಣ."

ಕೆಂಗೇರಿ ಸ್ಟೇಷನ್ನಿನಿಂದ ಶಿವಕ್ಕನ ಮನೆಗೆ ನಡೆಯುವಾಗ ನೀಲಾ ತಂದೆಗಿಂತ ಮುಂದೆ ಮುಂದೆ ಹೆಜ್ಜೆ ಹಾಕಿದಳು. ಜಗಲಿಯ ಮೇಲೆ ಗುರುಸಿದ್ದಯ್ಯ ಕೂತಿದ್ದ. ಬಲಗೈ ಬೆರಳಿಗೆಲ್ಲ ಬಟ್ಟೆ ಸುತ್ತಿತ್ತು. ಅವಳನ್ನು ಕಂಡು ಎದ್ದು ನಿಂತ. ಬಾಗಿಲ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಒಳಗೆ ಶಿವಕ್ಕ ರಾಗಿ ಹಸನು ಮಾಡುತ್ತಿದ್ದರು. ಬರಿಯ ಕೊರಳು! ನೀಲಾ ಹೋಗಿ ಅವರ ಕಾಲು ಹಿಡಿದಳು.

"ಅಮ್ಮಾ, ಅದು ಅಗರೇ! ಒಳ್ಳೇ ಅಗರು! ನಿಮ್ ಯಜಮಾನ್ರು ನಿಜ ಹೇಳಿದ್ರು. ಅವತ್ತು ಮಸಾಲೆ ಕಲಸಿ ನನ್ ಮೂಗು ಸತ್ತಿತ್ತು. ಗೊತ್ತಿದ್ದೂ ಮಾತಾಡಿದೆ. ನನ್ನ ಹೊಡೀರಿ, ಬೈರಿ... ಸರ ಮಾತ್ರ ಕೊರಳಿಗೆ ಹಾಕ್ಕೊಳಿ ಅಮ್ಮಾ!"

ಶಿವಕ್ಕನ ಕೈ ಮೊರದ ಮೇಲೆ ನಿಂತಿತು.

"ಸರ ಎಲ್ಲಿದೆ ಮಗಾ? ಮೊನ್ನೆ ಬಚ್ಚಲಿನ ನೀರೊಲೆಗೆ ಹಾಕ್ಬಿಟ್ಟೆ."

ನೀಲಾ ತಲೆ ಎತ್ತಿ ಅವರನ್ನೇ ನೋಡಿದಳು.

"ನನ್ನ ಇಷ್ಟ್ ವರ್ಷ ಮಂಗ ಮಾಡಿದ್ರಲ್ಲಾ ಅಂತ ಸಿಟ್ಟು ಬಂತು. ಎಸೆದೆ. ಎಸೆದ ಗಳಿಗೆಗೇ ಮನೆ ತುಂಬಾ ಘಮ್ ಅಂತು ಕಣವ್ವ. ಎಂಥಾ ಪರಿಮಳ ಅಂತೀಯಾ! ಅವರೇ ಬಂದು ಬಾಗಿಲಲ್ಲಿ ನಿಂತಂಗಾಯ್ತು. ಈ ಹುಚ್ಚು ಹುಡುಗ ಕೆಂಡಕ್ಕೆ ಕೈ ಹಾಕಿದ. ಏಳು ಮಣಿ ಸಿಕ್ಕಿದ್ವು."

ಮೊನ್ನೆ! ಅಂದರೆ ಅದಕ್ಕೆ ಮುಂಚೆ ಬಂದಿದ್ದರೆ ಸರ ಉಳಿಯುತ್ತಿತ್ತು. ಸುಟ್ಟ ಬೆರಳಿಗೂ ತನ್ನ ಮೌನವೇ ಕಾರಣ. ನೀಲಾ ಬಿಕ್ಕಿ ಬಿಕ್ಕಿ ಅತ್ತಳು. ಬಾಗಿಲಲ್ಲಿ ನಿಂತ ಗಂಗಾಧರಯ್ಯ ತಲೆ ತಗ್ಗಿಸಿದರು.

"ಮಾರನೇ ದಿನವೇ ಬರ್ತೀನಿ ಅಂದ್ಲು, ತಾಯಿ. ತಡೆದೋನು ನಾನು."

"ಅಳಬೇಡ ಏಳು," ಶಿವಕ್ಕ ಸೆರಗಿನಿಂದ ಅವಳ ಕಣ್ಣು ಒರೆಸಿದರು. ಅವರ ಕಣ್ಣೂ ತುಂಬಿತ್ತು. "ನೀನು ಅವರ ಮುಖ ಕಂಡೋಳಲ್ಲ. ಒಂದ್ ಮಾತು ತಪ್ಪಿದೆ. ನಾನು ಅವರ ಜೊತೆ ಬಾಳಿದೋಳು. ಅವರು ಸುಳ್ಳು ಹೇಳಿದ್ರು ಅಂತ ನಾನು ಯಾಕೆ ನಂಬಿದೆ ಹೇಳು? ನನ್ ತಪ್ಪಿಗೆ ಯಾರ ಕಾಲು ಹಿಡೀಲಿ?"

ಆಮೇಲೆ ಗೋಡೆಯ ಗೂಡಿನಿಂದ ಒಂದು ಬಟ್ಟೆಯ ಗಂಟು ತೆಗೆದು ಬಿಚ್ಚಿದರು. ಅಂಚು ಸುಟ್ಟ ಏಳು ಮಣಿ.

"ನನ್ ಹತ್ರ ಇರೋ ಮಣಿಯೆಲ್ಲಾ ತಂದ್ಕೊಡ್ತೀನಿ ಅಮ್ಮಾ. ಸೇರಿಸಿ ಪೋಣಿಸಿದ್ರೆ..."

"ಬೇಡ. ಇವನ್ನಷ್ಟೇ ಪೋಣಿಸಿಕೊಡು. ನಂಗೆ ಇಷ್ಟು ಸಾಕು."

ನೀಲಾ ಜಗಲಿಗೆ ಬಂದು, ಶಿವಕ್ಕ ಕೊಟ್ಟ ರೇಷ್ಮೆ ದಾರ ಹಿಡಿದು ಕೂತಳು. ಕಣ್ಣೀರಿಗೆ ತೂತು ಕಾಣುತ್ತಿರಲಿಲ್ಲ. ಗುರುಸಿದ್ದಯ್ಯ ಎಡಗೈಯಿಂದ ಒಂದೊಂದೇ ಮಣಿ ಎತ್ತಿ ಕೊಟ್ಟ.

"ತುಂಬಾ ಉರೀತಾ?" ಅವಳು ತಲೆ ಎತ್ತದೆ ಕೇಳಿದಳು.

"ಬೆರಳು ಅಷ್ಟಿಲ್ಲ. ನೀವು ನನ್ನ ಒಲ್ಲದೇ ಹಾಗಂದ್ರಿ ಅನ್ಕೊಂಡಿದ್ನಲ್ಲ, ಅದೇ ಹೆಚ್ಚು ಉರೀತು."

ನೀಲಾಳ ಕೈ ನಿಂತಿತು. ಈಗಲೂ ಸುಮ್ಮನಿದ್ದರೆ ಇನ್ನೊಂದು ತಪ್ಪಾಗುತ್ತದೆ ಎನ್ನಿಸಿತು.

"ಒಲ್ಲದೇ ಅಲ್ಲ. ಒಳಗೆ ಬಂದಾಗ್ಲೇ ನೀವು ಹಿಡಿಸಿಬಿಟ್ರಿ. ನಿಮ್ಮೆದುರು ದೊಡ್ಡೋಳು ಅನ್ನಿಸ್ಕೋಬೇಕು ಅಂತ ಆಸೆ ಆಯ್ತು. ಅಷ್ಟಕ್ಕೇ ಬಾಯಿ ಬಿಟ್ಟೆ. ಜಂಬದ ಕೋಳಿ ನಾನು!"

ಗುರುಸಿದ್ದಯ್ಯನಿಗೆ ನಗು ಬಂತು.

"ನಂಗೋಸ್ಕರ?"

"ಹೂಂ... ಅದಕ್ಕೇ ನಂಗೆ ಇನ್ನೂ ನಾಚಿಕೆ. ಈ ಬೆರಳು ನೋಡಿದಾಗೆಲ್ಲ ನೆನಪಾಗುತ್ತೆ. ನಿಮಗೂ ನೆನಪಾಗುತ್ತೆ. ಇಂಥೋಳನ್ನ ದಿನಾ ಕಣ್ಮುಂದೆ ಇಟ್ಕೊಳಕ್ಕೆ ಆಗುತ್ತಾ ನಿಮಗೆ?"

ಅವನು ಒಳಮನೆಯತ್ತ ತಿರುಗಿದ. ಒಳಗೆ ಅಮ್ಮ ಮತ್ತೆ ಮೊರ ಬಡಿಯುವ ಸದ್ದು ಕೇಳುತ್ತಿತ್ತು.

"ಅಮ್ಮ ಅವತ್ತಿಂದ ಸರಿಯಾಗಿ ಊಟ ಮಾಡಿಲ್ಲ. ನಂಗೆ ಈ ಕೈಯಲ್ಲಿ ಮುದ್ದೆ ಕಟ್ಟಕ್ಕಾಗಲ್ಲ. ಅಷ್ಟು ಪ್ರಾಯಶ್ಚಿತ್ತ ಮಾಡ್ತೀರಾ?"

"ಇವತ್ತಾ?"

"ಇವತ್ತಿಂದ."