ತೋಳಂಚಿನ ಹಸಿರು ನಕ್ಷತ್ರ

“ಇಲ್ಲಿ ನೋಡೇ! ಈ ನಕ್ಷತ್ರ ಯಾರ್ದು? ಬಾಯ್ಬುಡು!”

ಗೋಡೆಯ ಮೊಳೆಯಿಂದ ಬುರ್ಖಾ ಕಿತ್ತು ಸೊಸೆಯ ಮುಖಕ್ಕೇ ಎಸೆದರು ರಹೀಮುನ್ನೀಸಾ. ಸಿರಾ ಪೇಟೆಯ ಆ ಪುಟ್ಟ ಮನೆಯಲ್ಲಿ ಸಂಜೆಯ ನಮಾಜಿನ ಚಾಪೆ ಇನ್ನೂ ಮಡಿಸಿರಲಿಲ್ಲ. ಉಮ್ಮೆ ಹಾನಿ ಬುರ್ಖಾವನ್ನು ಎದೆಗವಚಿಕೊಂಡು ನಿಂತಳು. ಕಣ್ಣು ಮಾತ್ರ ಕೆಳಗಿಳಿಸಲಿಲ್ಲ.

ನಕ್ಷತ್ರ ಯಾರದೆಂದು ಕೇಳುವ ಅಗತ್ಯವೇ ಇರಲಿಲ್ಲ ಬಿಡಿ. ಹಾಕಿದವರು ಮಾವ ನಬೀ ಸಾಬ್, ಬುರ್ಖಾ ಹೊಲಿಯುವ ದರ್ಜಿ. ಮದುವೆಗೆ ಹೋದ ಹೆಂಗಸರು ಶಾದಿ ಮಹಲಿನ ಒಳಕೋಣೆಯಲ್ಲಿ ಬುರ್ಖಾ ತೆಗೆದು ರಾಶಿ ಹಾಕುತ್ತಾರೆ. ಬಿರಿಯಾನಿ ಉಂಡು ಹೊರಡುವಾಗ ಇವಳದನ್ನು ಅವಳು ತೊಟ್ಟು, ಅವಳದನ್ನು ಇವಳು ತೊಟ್ಟು ಮನೆ ಸೇರುತ್ತಾರೆ! ಆ ಗೋಜಲೇ ಬೇಡವೆಂದು ಹೊಸ ಸೊಸೆಯ ತೋಳಂಚಿಗೆ ಅಕ್ಕರೆಯಿಂದ ಹಸಿರು ದಾರದ ಗುರುತು ಹಾಕಿದ್ದರು. ಆ ಅಕ್ಕರೆಯೇ ಈಗ ಅವಳ ಕೊರಳಿಗೆ ಸುತ್ತಿಕೊಂಡಿತ್ತಲ್ಲ...!

ಗಂಡ ಸುಹೇಲ್‌ನ ಫೋನಿಗೆ ಮಧ್ಯಾಹ್ನ ಒಂದು ವಿಡಿಯೋ ಬಂದಿತ್ತು. ಕಾಲೇಜಿನ ಗೇಟು. ಪರೀಕ್ಷೆಗೆ ಬಂದ ಹುಡುಗಿಯೊಬ್ಬಳು ಬುರ್ಖಾ ಕಳಚಿ, ತಲೆವಸ್ತ್ರ ಬಿಚ್ಚಿ, ಎರಡನ್ನೂ ಮೊಣಕೈ ಮೇಲೆ ಹಾಕಿಕೊಂಡು ಒಳಗೆ ಹೋಗುತ್ತಾಳೆ. ಕಾಣುವುದು ಬೆನ್ನು ಮಾತ್ರ. ಜೋತುಬಿದ್ದ ತೋಳಿನಲ್ಲಿ ಹಸಿರು ನಕ್ಷತ್ರ! ಅದರ ಕೆಳಗೆ ‘ಹಿಂಗೆ ದಾರಿಗೆ ಬರ್ಬೇಕು’ ಎಂದು ಕೆಲವರು ಬರೆದಿದ್ದರೆ, ‘ಮಾನ ಕಳೆದ್ಲು’ ಎಂದು ಇನ್ನು ಕೆಲವರು. ಟೀವಿಯಲ್ಲಂತೂ ವಾರದಿಂದ ಅದೇ ಕೂಗಾಟ.

“ಮದ್ವೆಗಿಂತ ಮುಂಚೆ ಬಿಟ್ಟಿದ್ ಡಿಗ್ರಿನ ಈಗ ಕದ್ದು ಬರೀತಿದ್ಯಾ?” ಸುಹೇಲ್ ಗುಡುಗಿದ.

ಬಾಗಿಲ ಮರೆಯಲ್ಲಿ ನಾದಿನಿ ತಸ್ಮಿಯಾ ಕಿವಿಗೊಟ್ಟು ನಿಂತಿದ್ದಳು. ವಿಡಿಯೋದಲ್ಲಿದ್ದವಳು ಅವಳೇ! ತಲೆವಸ್ತ್ರ ತೆಗೆದು ಪರೀಕ್ಷೆ ಬರೆಯಬೇಕೆಂಬ ಸುದ್ದಿ ಬಂದ ದಿನವೇ ಮನೆಯವರು ಅವಳ ಪಿಯುಸಿ ಬಿಡಿಸಿದ್ದರು. ಮೆಹಂದಿ ಕ್ಲಾಸಿನ ನೆಪ ಹೇಳಿಸಿ, ದಾರಿಯಲ್ಲಿ ಕಂಡವರು ಸೊಸೆಯೆಂದುಕೊಳ್ಳಲಿ ಎಂದು ತನ್ನದೇ ಬುರ್ಖಾ ತೊಡಿಸಿ, ಅವಳದನ್ನು ತಾನು ತೊಟ್ಟು ಜೊತೆಗೇ ಹೊರಡುತ್ತಿದ್ದವಳು ಹಾನಿ. ಉಳಿದಿದ್ದದ್ದು ನಾಳೆಯ ಕೊನೆಯ ಪೇಪರ್ ಒಂದೇ. ಈಗ ನಿಜ ಹೇಳಿದರೆ ಆ ಹುಡುಗಿಯ ವರ್ಷವೇ ಮಣ್ಣುಪಾಲು...

“ಹೌದು, ನಾನೇ,” ಎಂದಳು ಹಾನಿ. “ನಾಳೆನೂ ಹೋಗ್ತೀನಿ.”

“ಹೋದ್ರೆ ಅಂಗೇ ಪಾವಗಡದ ಬಸ್ ಹತ್ಬುಡು! ನಿಮ್ಮಪ್ಪನ ಮನೆಗೆ!” ಸುಹೇಲ್ ಅಬ್ಬರಿಸಿದ.

“ಹತ್ತುತೀನ್ರೀ! ಟೀವಿನೋರು ತೆಗಿ ಅಂತಾರೆ, ನೀವು ತೆಗೀಬೇಡ ಅಂತೀರಿ. ನಿಂಗೇನ್ ಬೇಕಮ್ಮಾ ಅಂತ ಒಬ್ರಾದ್ರೂ ಕೇಳಿದ್ರಾ? ನಂಗೆ ಇದೂ ಬೇಕು...” ಬುರ್ಖಾವನ್ನು ಕೆನ್ನೆಗೊತ್ತಿಕೊಂಡಳು. “ಪರೀಕ್ಷೆನೂ ಬೇಕು. ಯಾವ್ದಾದ್ರೂ ಒಂದ್ ಆರಿಸ್ಕೋ ಅನ್ನಕ್ಕೆ ನೀವ್ಯಾರು, ಅವ್ರ್ಯಾರು?”

ಸುಹೇಲ್‌ನ ಕೈ ಮೇಲೆದ್ದಿತು. ಅಷ್ಟರಲ್ಲಿ ತಸ್ಮಿಯಾ ಓಡಿಬಂದು ತಾಯಿಯ ಕಾಲಿಗೆ ಬಿದ್ದಳು.

“ಅಮ್ಮೀ... ಅದು ಭಾಬಿ ಅಲ್ಲ! ನಾನು ಅಮ್ಮೀ, ನಾನು...!”

“ಸುಮ್ನಿರೇ ಹುಚ್ಚಿ! ನಾಳೆ ಒಂದ್ ಪೇಪರ್ ಬಾಕಿ ಐತೆ!” ಹಾನಿ ಚೀರಿದಳು.

ರಹೀಮುನ್ನೀಸಾ ಫೋನು ಕಸಿದು ಕಣ್ಣಿನ ಹತ್ತಿರ ಹಿಡಿದರು. ಬೆನ್ನ ಮೇಲೆ ಉದ್ದನೆಯ ಜಡೆ, ತುದಿಯಲ್ಲಿ ಕೆಂಪು ಟೇಪು. ಬೆಳಿಗ್ಗೆ ತಾವೇ ಎಣ್ಣೆ ಹಚ್ಚಿ ಹೆಣೆದ ಜಡೆ...

“ಯಾ ಅಲ್ಲಾ! ನಕ್ಷತ್ರ ನೋಡ್ದೆ... ನಾನೇ ಹಾಕಿದ್ ಜಡೆ ನೋಡ್ಲಿಲ್ವಲ್ಲ...”

“ನಾಳೆಯಿಂದ ಇಬ್ರೂ ಹೊಸಿಲು ದಾಟಂಗಿಲ್ಲ,” ಎಂದ ಸುಹೇಲ್.

“ಮುಚ್ಚಲಾ ಬಾಯಿ!” ತಾಯಿಯ ದನಿಗೆ ಅವನು ಬೆಚ್ಚಿಬಿದ್ದ. “ಯಾವನೋ ನನ್ ಮಗಳ ಬೆನ್ನಿಂದೆ ಫೋನ್ ಹಿಡ್ಕಂಡ್ ನಿಂತವ್ನೆ. ಅವನ್ನ ಬುಟ್ಟು ಹೆಂಡ್ತಿ ಮ್ಯಾಲೆ ಕೈ ಎತ್ತಕ್ಕೆ ಬಂದ ಗಂಡ್ಸು! ನಾನೂ ಅಂಗೇ ಮಾಡ್ದೆ... ಬಾ ಬೇಟಿ, ಬಾ...” ಎಂದು ಸೊಸೆಯನ್ನು ತಬ್ಬಿಕೊಂಡು ಬಿಕ್ಕಿದರು. ಆಮೇಲೆ ಸೆರಗಿನಲ್ಲಿ ಮೂಗೊರೆಸಿಕೊಂಡು, ಅದುವರೆಗೂ ಮೂಲೆಯಲ್ಲಿ ತಲೆತಗ್ಗಿಸಿ ಕೂತಿದ್ದ ಗಂಡನತ್ತ ತಿರುಗಿದರು.

“ಏನ್ರೀ, ಏಳ್ರೀ. ನನ್ ಬುರ್ಖಾಕ್ಕೂ ಆ ನಕ್ಷತ್ರ ಹಾಕ್ರಿ. ತಸ್ಮಿಯಾದಕ್ಕೂ.”

“ಅಂಗಾದ್ರೆ ಯಾರು ಯಾರು ಅಂತ ಗುರ್ತೇ ಸಿಗಲ್ವಲ್ಲೇ?”

“ಸಿಗ್ಬಾರ್ದು ಅಂತಾನೇ ಕಣ್ರೀ!”

ನಬೀ ಸಾಬ್ ಮೊದಲ ಸಲ ತುಟಿಯಂಚಿನಲ್ಲಿ ನಕ್ಕು, ಸೂಜಿಗೆ ಹಸಿರು ದಾರ ಪೋಣಿಸಿದರು.

ಬೆಳಿಗ್ಗೆ ಸುಹೇಲ್ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ಕಾಲೇಜಿನ ಗೇಟಿಗೆ ಮೂರು ಹಸಿರು ನಕ್ಷತ್ರಗಳು ಒಟ್ಟಿಗೇ ಬಂದವು. ತಸ್ಮಿಯಾ ಕಳಚಿದ ಬುರ್ಖಾವನ್ನು ತಾಯಿ ಕೈಯೊಡ್ಡಿ ತೆಗೆದುಕೊಂಡರು. ಎದುರಿನ ಟೀ ಅಂಗಡಿಯಿಂದ ಒಬ್ಬ ಫೋನು ಎತ್ತಿದ. ರಹೀಮುನ್ನೀಸಾ ದಾಪುಗಾಲು ಹಾಕಿ ಅವನ ಮುಂದೆ ನಿಂತು, ಮುಖದ ಪರದೆ ಸರ್ರನೆ ಮೇಲೆತ್ತಿದರು.

“ಬೆನ್ನು ಯಾಕಪ್ಪಾ? ಮಖ ತೆಗಿ! ನಾನು ಅವಳ ತಾಯಿ. ಇವಳು ನನ್ ಸೊಸೆ. ಏನೇನ್ ಬರೀಬೇಕೋ ನಮ್ ಹೆಸರಿಗೇ ಬರಿ!”

ಫೋನು ಜೇಬು ಸೇರಿತು. ಆತ ಟೀ ಲೋಟವನ್ನೂ ಅಲ್ಲೇ ಬಿಟ್ಟು ನಡೆದ.

ಪರದೆಯನ್ನು ತಾವಾಗಿಯೇ ಇಳಿಸಿಕೊಂಡು, ಅತ್ತೆ-ಸೊಸೆ ಬೇವಿನ ನೆರಳಲ್ಲಿ ಕೂತರು. ಗಂಟೆ ಹೊಡೆದಾಗ ತಸ್ಮಿಯಾ ಓಡುತ್ತಾ ಬಂದಳು. ತಾಯಿ ಬುರ್ಖಾ ಕೊಡವಿ ಹಿಡಿದರು. ಮಗಳು ತಾನೇ ತೋಳು ತೂರಿಸಿದಳು.

“ಬರ್ದೆ ಅಮ್ಮೀ... ಎಲ್ಲಾ ಬರ್ದೆ!”