ಬದಲಾದ ಒಂದು ಅಕ್ಷರ

ಹಾಡು ಬಿಡುಗಡೆಯಾದ ಬೆಳಿಗ್ಗೆ ಹರಿಣಾಕ್ಷಿ ಚಾಮರಾಜಪೇಟೆಯ ಪ್ರೆಸ್ಸಿನಲ್ಲಿ ಮದುವೆ ಕಾರ್ಡೊಂದರ ಪ್ರೂಫ್ ನೋಡುತ್ತಿದ್ದಳು. ಹತ್ತು ಗಂಟೆಗೆ ಸರಿಯಾಗಿ ಯಶಶ್ರೀಯ ಮೆಸೇಜ್ ಬಂತು. 'ಬಂತು ಕಣೇ! ನಮ್ಮ ಹಾಡು!'

ಇಯರ್‌ಫೋನ್ ಸಿಕ್ಕಿಸಿಕೊಂಡಳು. ಗಿಟಾರ್ ಮುಗಿದು ಯಶಶ್ರೀಯ ದನಿ ಶುರುವಾಯಿತು. ಸ್ವಲ್ಪ ಒಡೆದ, ಬೆಚ್ಚಗಿನ ದನಿ. ಅದನ್ನು ಕೇಳಿದರೆ ಈಗಲೂ ಕತ್ತಿನ ಹಿಂದೆ ಯಾರೋ ಉಸಿರು ಬಿಟ್ಟಂತಾಗುತ್ತಿತ್ತು. ಕಣ್ಣು ಮುಚ್ಚಿ ಪಲ್ಲವಿಗಾಗಿ ಕಾದಳು.

'ಅವನು ನಕ್ಕರೆ, ನನ್ನ ಮನೆಗೆ ನಾನೇ ಬಂದ ಹಾಗೆ...'

ತಪ್ಪು ಕೇಳಿಸಿತೇನೋ ಎಂದು ಮತ್ತೆ ಹಾಕಿದಳು. ಅವನು. ಮೂರನೇ ಸಲವೂ ಅವನು.

ಹರಿಣಾಕ್ಷಿ ಬರೆದದ್ದು 'ಅವಳು ನಕ್ಕರೆ' ಎಂದು.

ಆ ಸಾಲು ಬರೆಯುವ ತನಕ ಇಪ್ಪತ್ತೇಳು ವರ್ಷ ಅವಳಿಗೆ ತನ್ನ ಬಗ್ಗೆಯೇ ಸರಿಯಾಗಿ ಗೊತ್ತಿರಲಿಲ್ಲ. ಅಮ್ಮ ತೋರಿಸಿದ ಗಂಡುಗಳಲ್ಲಿ ಒಬ್ಬನ ಮೂಗು ದಪ್ಪ, ಇನ್ನೊಬ್ಬನಿಗೆ ಮಾತು ಜಾಸ್ತಿ ಎಂದು ತಳ್ಳಿಹಾಕುತ್ತಿದ್ದಳು. ಅವು ನೆಪ ಎನ್ನುವುದು ತನಗೇ ತಿಳಿದಿರಲಿಲ್ಲ.

ಹೋದ ವರ್ಷ ಬಸವನಗುಡಿಯ ಒಂದು ಕೆಫೆಯಲ್ಲಿ ಯಶಶ್ರೀ ಹಾಡಿದ್ದಳು. ಮುಗಿದ ಮೇಲೆ ಹರಿಣಾಕ್ಷಿ ಹತ್ತಿರ ಹೋಗಿ, "ತುಂಬಾ ಚೆನ್ನಾಗಿತ್ತು. ಆದ್ರೆ 'ಹಾಲು' ಅನ್ನೋ ಕಡೆ 'ಹಾಳು' ಅಂದ್ರಿ," ಎಂದಿದ್ದಳು.

"ನೀವು ಟೀಚರಾ?"

"ಅಲ್ಲ, ಪ್ರೂಫ್ ರೀಡರ್."

ಯಶಶ್ರೀ ತುಟಿ ಕಚ್ಚಿ ನಗು ತಡೆದಳು. ಕಣ್ಣು ಮಾತ್ರ ತಡೆಯಲಿಲ್ಲ. ಅದು ಹರಿಣಾಕ್ಷಿಯ ಕಿವಿಯ ಓಲೆಯಿಂದ ಹೊರಟು, ಶಾಯಿ ಅಂಟಿದ ಬೆರಳಿನ ತನಕ ನಿಧಾನವಾಗಿ ಇಳಿಯಿತು. "ಹಾಗಾದ್ರೆ ನನ್ನನ್ನೂ ಸ್ವಲ್ಪ ತಿದ್ದಿ."

ಆಮೇಲೆ ಪ್ರತಿ ಭಾನುವಾರ ಮಲ್ಲೇಶ್ವರಂನ ಯಶಶ್ರೀಯ ಮನೆ, ಮಹಡಿಯ ಕೋಣೆ. ಹರಿಣಾಕ್ಷಿ ಆ ಹಾಡು ಬರೆದುಕೊಟ್ಟದ್ದೂ ಅಲ್ಲೇ. ಈ ವರ್ಷ ಯುಗಾದಿ ಕಳೆದ ಮರುವಾರ ಯಶಶ್ರೀ ಅದನ್ನು ಅವಳ ಕಣ್ಣಲ್ಲಿ ಕಣ್ಣಿಟ್ಟು ಹಾಡಿದ್ದಳು. 'ಅವಳು' ಎನ್ನುವಾಗ ಬೆರಳಿನಿಂದ ಹರಿಣಾಕ್ಷಿಯ ಗಲ್ಲ ಮುಟ್ಟಿದ್ದಳು. ಅವತ್ತೇ ಮೊದಲ ಮುತ್ತು.

ಪ್ರೆಸ್ಸಿನ ಯಜಮಾನರು ವಿಶ್ವಾರಾಧ್ಯ. ಅವರಿಗೆ ತಲೆನೋವೆಂದು ಹೇಳಿ, ಮಾರ್ಕೆಟ್ಟಿನಲ್ಲಿ ಮೆಟ್ರೋ ಹತ್ತಿದಳು.

ಬಾಗಿಲು ತೆರೆದವರು ಯಶಶ್ರೀಯ ಅಜ್ಜಿ ಅಕ್ಕಯಮ್ಮ. "ಬಾ ಮಗಾ. ಮೇಲವ್ಳೆ ನೋಡು, ಬೆಳಿಗ್ಗೆಯಿಂದ ಫೋನ್ ಬಿಟ್ಟಿಲ್ಲ."

ಮಹಡಿಯ ಕೋಣೆಗೆ ಕಾಲಿಡುತ್ತಲೇ ಯಶಶ್ರೀ ಓಡಿಬಂದು ತಬ್ಬಿಕೊಂಡಳು. ಹರಿಣಾಕ್ಷಿಯ ಕೈ ಮೇಲೇಳಲಿಲ್ಲ.

"ಅವನು ಯಾರು ಯಶು?"

ಯಶಶ್ರೀ ಹಿಂದೆ ಸರಿದಳು. "ಪ್ರಸನ್ನ ಸರ್ ಹೇಳಿದ್ರು ಕಣೇ. ಹಾಡಿಗೆ ದುಡ್ಡು ಹಾಕಿರೋರು ಅವರು. ಹಾಗೇ ಬಿಟ್ರೆ ಜನ ಬೇರೆ ಥರ ತಿಳ್ಕೋತಾರೆ ಅಂದ್ರು. ಒಂದು ಅಕ್ಷರ ತಾನೇ?"

"ಬೇರೆ ಥರ ಅಲ್ಲ. ಇರೋ ಥರ."

"ನಮ್ಮಪ್ಪ ಕೇಳಿಸ್ಕೊಂಡ್ರೆ ಏನಾಗುತ್ತೆ ಗೊತ್ತಲ್ಲ?"

"ಗೊತ್ತು. ಭಯ ಆಗುತ್ತೆ ಅಂದಿದ್ರೆ ನಾನೇ ಬೇರೆ ಸಾಲು ಬರ್ಕೊಡ್ತಿದ್ದೆ. ಒಂದು ಮಾತು ಕೇಳ್ಬಾರದಿತ್ತಾ?"

"ಕೇಳೋಕೆ ಟೈಮೇ ಇರ್ಲಿಲ್ಲ. ಯುಗಾದಿಗೆ ಮುಂಚೆನೇ ರೆಕಾರ್ಡಿಂಗ್ ಮುಗಿಸ್ಬೇಕು ಅಂತ ಪ್ರಸನ್ನ ಸರ್..."

ಯಶಶ್ರೀ ಅಲ್ಲಿಗೇ ನಿಲ್ಲಿಸಿದಳು. ತಡವಾಗಿತ್ತು.

"ಯುಗಾದಿಗೆ ಮುಂಚೆನಾ?" ಹರಿಣಾಕ್ಷಿಯ ದನಿ ತೀರ ಸಣ್ಣದಾಯಿತು. "ಅಂದ್ರೆ ಅಲ್ಲಿ ಅವನು ಅಂತ ಹಾಡಿ ಬಂದು, ಇಲ್ಲಿ ನನ್ನ ಗಲ್ಲ ಮುಟ್ಟಿ ಅವಳು ಅಂದ್ಯಾ? ನಾಲ್ಕು ತಿಂಗಳಿಂದ, ಪ್ರತಿ ಭಾನುವಾರ?"

"ನಿನಗೆ ಹಾಡಿದ್ದೇ ನಿಜ ಹರಿಣಿ. ಆಣೆ."

"ಹಾಗಾದ್ರೆ ಈಗ ಹಾಡು."

ಯಶಶ್ರೀಯ ನೋಟ ತಾನಾಗಿಯೇ ಕೋಣೆಯ ಬಾಗಿಲ ಕಡೆ ಹೋಯಿತು. ಅದು ತೆರೆದಿತ್ತು, ಕೆಳಗೆ ಅಜ್ಜಿಯ ಕುಕ್ಕರ್ ಕೂಗುತ್ತಿತ್ತು. ಹೋಗಿ ಬಾಗಿಲು ಮುಂದೆ ಮಾಡಿ, ಚಿಲಕ ಹಾಕಿ ಬಂದಳು.

ಹರಿಣಾಕ್ಷಿ ಅವಳ ಕೆನ್ನೆ ಸವರಿದಳು. ಸಿಟ್ಟಿಗಿಂತ ಹೆಚ್ಚಾಗಿ ಸುಸ್ತಾಗಿತ್ತು. "ಬೇಡ ಬಿಡು. ಸಾಹಿತ್ಯ ಅಂತ ನನ್ನ ಹೆಸರು ಹಾಕಿದೀರಲ್ಲ, ಅದನ್ನ ತೆಗೆಸ್ಬಿಡು. ನಾನು ಬರೆದಿದ್ದು ಅದಲ್ಲ."

ಚಿಲಕ ತೆಗೆದು ಇಳಿದಳು. ನಡುಮನೆಯಲ್ಲಿ ಅಕ್ಕಯಮ್ಮ ಕಾಫಿ ಲೋಟ ಹಿಡಿದು ನಿಂತಿದ್ದರು.

"ಆ ಹಾಡು ನೀನು ಬರ್ದಿದ್ದಂತೆ? ಭಾರಿ ಚೆನ್ನಾಗೈತೆ. ಯಾರ್ ಮಗಾ ಆ ಹುಡ್ಗ?"

"ಹುಡುಗ ಅಲ್ಲ ಅಜ್ಜಿ. ಹುಡುಗಿ."

ಅಜ್ಜಿ ಲೋಟವನ್ನು ಮೇಜಿನ ಮೇಲಿಟ್ಟು ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಗದರಲಿಲ್ಲ, ನಗಲೂ ಇಲ್ಲ.

"ಯಾರ್ ಮನೆ ಹುಡ್ಗಿ?"

ಮೆಟ್ಟಿಲ ನಡುವೆ ಯಶಶ್ರೀ ನಿಂತಿದ್ದಳು. ಕಂಬಿಯನ್ನು ಬಿಗಿಯಾಗಿ ಹಿಡಿದು, ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದಳು. ಹರಿಣಾಕ್ಷಿ ಒಂದು ಹೆಸರು ಹೇಳಿದ್ದರೆ ಸಾಕಿತ್ತು.

"ಗೊತ್ತಿಲ್ಲ ಅಜ್ಜಿ," ಎಂದಳು. "ಗೊತ್ತು ಅಂದ್ಕೊಂಡಿದ್ದೆ."

ಚಪ್ಪಲಿ ಮೆಟ್ಟಿ ಗೇಟು ದಾಟಿದಳು. ಹಿಂದಿನಿಂದ ಯಾರೂ ಕರೆಯಲಿಲ್ಲ. ಸಂಪಿಗೆ ರಸ್ತೆಯ ತಿರುವಿನ ತನಕ ಕಿವಿ ಅದಕ್ಕೇ ಕಾದಿತ್ತು. ಆಮೇಲೆ ಜನರ ನಡುವೆಯೇ ಅಳು ಬಂತು. ಅವಳು ತಡೆಯಲಿಲ್ಲ, ನಡೆಯುವುದನ್ನು ನಿಲ್ಲಿಸಲೂ ಇಲ್ಲ.