ಬೀಗರ ಕೈಲಿ ಕೀಲಿಕೈ

ಸೋಮವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸು ಜೊತೆಗೆ ಒಂದು ಸರಪಳಿ ತಂದಿದ್ದಳು. ಹೆಬ್ಬೆರಳು ದಪ್ಪದ ಉಕ್ಕಿನ ಸರಪಳಿ, ತುದಿಯಲ್ಲಿ ಬಾಯಿಬಿಟ್ಟ ಬೀಗ. ಅದನ್ನು ರೈಟರ್ ಮೇಜಿನ ಮೇಲೆ ಇಟ್ಟು, ಗಾಡಿ ಹೋಯಿತು, ಉಳಿದದ್ದು ಇದಿಷ್ಟೇ ಅಂದಳು.

"ಬೀಗ ಮುಟ್ಟಿದ್ದು ಯಾಕಮ್ಮಾ?" ಎಂದ ರೈಟರ್.

"ಮತ್ತೆ ಅಲ್ಲೇ ಬಿಟ್ಟು ಬರಲಾ? ಇದನ್ನೂ ಹೊತ್ಕೊಂಡು ಹೋದ್ರೆ?"

ಬೆರಳಚ್ಚಿನ ಆಸೆ ಅಲ್ಲಿಗೆ ಮುಗಿಯಿತು.

ಕೆರೆಯ ದಡದ ಮರಳಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಸುತ್ತು ಹೊಡೆಸುವುದು ಆಕೆಯ ಕಸುಬು. ಮಕ್ಕಳು ಇಟ್ಟ ಹೆಸರು ಸವಾರಿ ಅಕ್ಕ. ಹೋದದ್ದು ದಪ್ಪ ಟೈರಿನ ನಾಲ್ಕು ಚಕ್ರದ ಬೈಕು, ಕೆಂಪು ಬಣ್ಣದ್ದು, ಕೊಂಡು ನಾಲ್ಕು ತಿಂಗಳಾಗಿತ್ತು. ಭಾನುವಾರ ಮಧ್ಯಾಹ್ನ ಬಿಸಿಲಿಗೆ ಯಾರೂ ಬರುವುದಿಲ್ಲವೆಂದು ಮನೆಯ ಹಿಂದಿನ ಕಂಬಕ್ಕೆ ಗಾಡಿ ಕಟ್ಟಿ, ಬೀಗ ಹಾಕಿ, ಮಗಳ ಪಕ್ಕ ಒಂದು ಗಂಟೆ ಮಲಗಿದ್ದಳು. ಎದ್ದಾಗ ಕಂಬ ಇತ್ತು. ಸಂಜೆಯೆಲ್ಲ ಹುಡುಕಿದಳು. ಮನೆಯಲ್ಲಿ ದುಡಿಯುವುದು ಇಬ್ಬರೇ ಆಗಿತ್ತು, ಆಕೆ ಮತ್ತು ಆ ಗಾಡಿ.

ಎಫ್‌ಐಆರ್ ದಾಖಲಾಯಿತು. ಹನ್ನೆರಡಕ್ಕೆ ಇನ್‌ಸ್ಪೆಕ್ಟರ್ ಸ್ಥಳ ಪಂಚನಾಮೆಗೆ ಹೋದರು. ಜೊತೆಗೆ ಹೋದ ಕಾನ್‌ಸ್ಟೆಬಲ್‌ಗೆ ಠಾಣೆಯಲ್ಲಿ 'ರೇಡಿಯೋ' ಎಂದು ಹೆಸರು. ಯಾರ ದನಿ ಬೇಕಾದರೂ ಬರುತ್ತಿತ್ತು, ಆಫ್ ಮಾಡುವ ಗುಂಡಿ ಮಾತ್ರ ಇರಲಿಲ್ಲ. ವರ್ಗವಾಗಿ ಹೋದ ಹಳೆಯ ಸಾಹೇಬರ ದನಿಯಲ್ಲಿ ಅವನು ಈಗಲೂ ಕೆಲವೊಮ್ಮೆ ರಜೆ ಮಂಜೂರು ಮಾಡುತ್ತಿದ್ದ.

ಕಳವಾದಾಗ ಸರಪಳಿ ಎಲ್ಲಿ ಬಿದ್ದಿತ್ತು ಎಂದು ಇನ್‌ಸ್ಪೆಕ್ಟರ್ ಕೇಳಿದರು. ಬಿದ್ದಿರಲಿಲ್ಲ ಎಂದಳು ಸವಾರಿ ಅಕ್ಕ. ಸುರುಳಿ ಸುತ್ತಿ ಕಂಬದ ಮೊಳೆಗೆ ನೇತುಹಾಕಿತ್ತು. ಪಕ್ಕದ ಮನೆಯ ಟೈಲರ್, ಎರಡೂವರೆ ಸುಮಾರಿಗೆ ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆದದ್ದನ್ನು ಕೇಳಿದ್ದ. ಅಕ್ಕನೇ ಹೊರಟಳೆಂದುಕೊಂಡು ಹೊಲಿಗೆಯಿಂದ ತಲೆ ಎತ್ತಿರಲಿಲ್ಲ.

"ಬೀಗ ಒಡೆದಿಲ್ಲ, ಸರಪಳಿ ಮಡಚಿಟ್ಟಿದ್ದಾರೆ," ಎಂದ ರೇಡಿಯೋ. "ಇಷ್ಟು ಮರ್ಯಾದಸ್ಥರು ಕಳ್ಳರಲ್ಲ ಸರ್, ಬೀಗರು."

ಇನ್‌ಸ್ಪೆಕ್ಟರ್ ನಗಲಿಲ್ಲ. ಪಂಚರು ಸಹಿ ಹಾಕಿದರು.

ಮೂರು ದಿನ ಹಳೇ ಕಳ್ಳರನ್ನೂ ಗುಜರಿಯವರನ್ನೂ ವಿಚಾರಿಸಿದ್ದಾಯಿತು. ಏನೂ ಸಿಗಲಿಲ್ಲ. ಗುರುವಾರ ವಿಮೆ ಕಂಪನಿಯ ಸರ್ವೇಯರ್ ಠಾಣೆಗೆ ಬಂದ. ಕಳವಿನ ಪರಿಹಾರ ಕೊಡಬೇಕಾದರೆ ಗಾಡಿಯ ಎರಡೂ ಕೀಲಿ ಒಪ್ಪಿಸಬೇಕು, ಈಕೆ ಕೊಟ್ಟದ್ದು ಒಂದೇ ಎಂದ. ಡೆಲಿವರಿ ದಿನ ಎರಡು ಕೀಲಿ ಪಡೆದಿದ್ದೇನೆ ಎಂಬ ಕಾಗದಕ್ಕೆ ಈಕೆಯ ಸಹಿ ಇತ್ತು. ಬೀಗ ಒಡೆಯದೆ ಗಾಡಿ ಹೋಗಿದೆ. ಎರಡನೇ ಕೀಲಿ ಕೊಟ್ಟು ಕಳಿಸಿದವರು ಯಾರು? ದೂರುದಾರರನ್ನೇ ವಿಚಾರಿಸಿ ಎಂದು ಬರೆದುಕೊಟ್ಟು ಹೋದ.

ಕೀಲಿ ಸಿಗದಿದ್ದರೆ ಪರಿಹಾರ ಇಲ್ಲ. ಅಷ್ಟೇ ಅಲ್ಲ, ದೂರು ಸುಳ್ಳೆಂದು ಆಕೆಯ ಮೇಲೆಯೇ ಕೇಸು ತಿರುಗುತ್ತಿತ್ತು. ಇನ್‌ಸ್ಪೆಕ್ಟರ್ ಆಕೆಯನ್ನು ಮತ್ತೆ ಕರೆಸಿದರು.

"ಸ್ಪೇರ್ ಕೀ ಎಲ್ಲಿ?"

"ಕೊಟ್ಟೇ ಇಲ್ಲ ಸರ್, ಗಾಡೀದೂ ಇಲ್ಲ, ಸರಪಳಿ ಬೀಗದ್ದೂ ಇಲ್ಲ. ಕಂಪನಿಯಿಂದ ಆಮೇಲೆ ಬರುತ್ತೆ, ನಾನೇ ತಂದುಕೊಡ್ತೀನಿ ಅಂದಿದ್ರು."

"ಯಾರು?"

"ಶೋರೂಮಿನ ಅಣ್ಣ. ಗಾಡಿ ಮಾರಿದವರು."

ಒಳ್ಳೆಯ ಮನುಷ್ಯ ಎಂದಳು. ಓಡಿಸುವುದು ಕಲಿಸಲು ಮೂರು ಸಂಜೆ ಬಂದಿದ್ದ. ಚಹಾ ಕುಡಿದು, ಮಗಳ ಲೆಕ್ಕದ ಪಾಠ ಮಾಡಿಸಿ, ಸರಪಳಿ ಸುತ್ತಿ ಮೊಳೆಗೆ ಹಾಕುವುದನ್ನೂ ತೋರಿಸಿಕೊಟ್ಟು ಹೋಗಿದ್ದ.

ಇನ್‌ಸ್ಪೆಕ್ಟರ್ ಬರೆಯುತ್ತಿದ್ದ ಪೆನ್ನು ನಿಂತಿತು.

ಶುಕ್ರವಾರ ಹನ್ನೊಂದಕ್ಕೆ ಶೋರೂಮು. ಗಾಜಿನ ಗೋಡೆಯಾಚೆ ಹೊಸ ಬೈಕುಗಳು ರಸ್ತೆಗೆ ಮುಖಮಾಡಿ, ಹೆಣ್ಣು ನೋಡಲು ಬರುವವರಿಗೆ ಕಾದಂತೆ ಸಾಲಾಗಿ ನಿಂತಿದ್ದವು. ಮ್ಯಾನೇಜರ್ ಕಾಫಿ ತರಿಸಿದ. ಒಂದು ಗಾಡಿ ಮಾರಿದರೆ ಎಷ್ಟು ಉಳಿಯುತ್ತದೆ ಎಂದು ಇನ್‌ಸ್ಪೆಕ್ಟರ್ ಕೇಳಿದ್ದಕ್ಕೆ ಅವನಿಗೆ ನಗು ಬಂತು.

"ಗಾಡಿ ಮಾರಿ ಯಾರು ಬದುಕ್ತಾರೆ ಸರ್? ಗಾಡಿ ಬರೀ ಬಾಗಿಲು. ಒಳಗೆ ಬಂದ ಮೇಲೆ ನಮ್ಮದು ಶುರು."

ಒಂದೊಂದೇ ಕೌಂಟರಿಗೆ ಬೆರಳು ತೋರಿಸಿದ. ಸಾಲ ಕೊಡಿಸಿದರೆ ಬ್ಯಾಂಕಿನಿಂದ ಕಮಿಷನ್. ವಿಮೆ ಮಾಡಿಸಿದರೆ ಅಲ್ಲಿಂದ. ಎಕ್ಸ್‌ಟೆಂಡೆಡ್ ವಾರಂಟಿ ಹತ್ತು ಜನ ಕೊಂಡರೆ ಬಳಸುವವರು ಒಬ್ಬರೋ ಇಬ್ಬರೋ. ಕಾಗದಪತ್ರದ ಓಡಾಟಕ್ಕೆ ಒಂದು ಚಾರ್ಜು. ಸೀಟ್ ಕವರ್, ಗಾರ್ಡು, ಸರಪಳಿ ಬೀಗ, ಇವೆಲ್ಲ ಅಂಗಡಿಯಲ್ಲಿ ಸಿಗುವುದಕ್ಕಿಂತ ಮೂರು ಪಟ್ಟು. ಎಲ್ಲಕ್ಕಿಂತ ಹೆಚ್ಚಾಗಿ ಹಿಂದಿನ ಸರ್ವಿಸ್ ಶೆಡ್ಡು. ಮುಂದಿನ ಗಾಜಿನ ಬಾಡಿಗೆ ಕಟ್ಟುವುದು ಹಿಂದಿನ ಗ್ರೀಸು.

"ಮಾರಿದವನಿಗೆ?"

"ಅವನಿಗೆ ಚಿಲ್ಲರೆ. ಡೆಲಿವರಿ ಫೋಟೋ ತೆಗೆದ ಮೇಲೆ ಗಿರಾಕಿ ಸರ್ವಿಸ್‌ನವರ ಸ್ವತ್ತು ಸರ್. ಸೇಲ್ಸ್‌ನವನು ಅವರಿಗೆ ಫೋನ್ ಕೂಡ ಮಾಡಂಗಿಲ್ಲ. ಅವನು ಮುಂದಿನವರ ಹಿಂದೆ ಹೋಗಬೇಕು."

ಸವಾರಿ ಅಕ್ಕನಿಗೆ ಗಾಡಿ ಮಾರಿದವನಿಗೆ ಅಂದು ವಾರದ ರಜೆ. ಎಂಟು ವರ್ಷದ ನೌಕರ. ಮ್ಯಾನೇಜರಿಗೆ ಅವನ ಹಳೇ ವಿಳಾಸ ಗೊತ್ತಿತ್ತು, ಹೊಸದು ಗೊತ್ತಿರಲಿಲ್ಲ.

"ನಾವು ಅವನನ್ನ ಬೀಗರು ಅಂತೀವಿ," ಎಂದ.

ರೇಡಿಯೋಗೆ ಕಾಫಿ ನೆತ್ತಿಗೇರಿತು.

"ಯಾವ ಗಿರಾಕಿ ಮನೆಗೆ ಹೋದ್ರೂ ಮೂರು ದಿನದಲ್ಲಿ ನೆಂಟ ಆಗಿಬಿಡ್ತಾನೆ ಸರ್. ಅವರ ಮನೆ ಮಕ್ಕಳ ಹೆಸರು, ಅಜ್ಜಿ ಮಾತ್ರೆ, ಎಲ್ಲಾ ಬಾಯಿಪಾಠ. ಹೆಣ್ಣು ಕೊಟ್ಟವರ ಹಾಗೆ ಉಪಚಾರ."

"ಅವನ ಮನೇಲಿ ಯಾರಿದ್ದಾರೆ?"

ಮ್ಯಾನೇಜರ್ ಯೋಚಿಸಿದ. "ಕೇಳಿಲ್ಲ ಸರ್."

ವಾಪಸ್ ಬರುವಾಗ ಜೀಪಿನಲ್ಲಿ ರೇಡಿಯೋ ಮ್ಯಾನೇಜರನಾದ. "ಸರ್, ಬರೀ ಎಫ್‌ಐಆರ್ ತಗೊಂಡ್ರೆ ಹೇಗೆ? ಎಕ್ಸ್‌ಟೆಂಡೆಡ್ ವಾರಂಟಿ ಹಾಕಿಸಿಕೊಳ್ಳಿ, ಇನ್ನೂ ಎರಡು ವರ್ಷ ಹೆಚ್ಚಿಗೆ ತನಿಖೆ ಮಾಡ್ತೀವಿ." ಇನ್‌ಸ್ಪೆಕ್ಟರ್ ಈ ಸಲ ನಕ್ಕರು. ಆಮೇಲೆ ಅವನಿಗೊಂದು ಕೆಲಸ ಕೊಟ್ಟರು.

ಮಧ್ಯಾಹ್ನವಿಡೀ ರೇಡಿಯೋ ಶೋರೂಮಿನ ಗಿರಾಕಿಗಳಿಗೆ ಫೋನ್ ಮಾಡಿ, ಸ್ಪೇರ್ ಕೀ ಇದೆಯೇ ಎಂದು ಕೇಳಿದ. ಬೇರೆಯವರು ಮಾರಿದ ಗಾಡಿಗಳಿಗೆಲ್ಲ ಎರಡೆರಡು ಕೀಲಿ. ಬೀಗರು ಈಚೆಗೆ ಮಾರಿದ ಗಾಡಿಗಳಿಗೆ ಒಂದೊಂದೇ. ಬೇಕಾದವರು ಸರ್ವಿಸ್‌ನಲ್ಲಿ ದುಡ್ಡು ಕೊಟ್ಟು ಹೊಸದು ಮಾಡಿಸಿಕೊಂಡಿದ್ದರು.

ಇನ್‌ಸ್ಪೆಕ್ಟರ್ ಮ್ಯಾನೇಜರಿಗೆ ಫೋನ್ ಮಾಡಿ, ಇಷ್ಟು ಕೀಲಿ ಕಳೆಯುತ್ತಿದ್ದರೂ ಯಾರಿಗೂ ಅನುಮಾನ ಬರಲಿಲ್ಲವೇ ಎಂದು ವಿಚಾರಿಸಿದರು.

"ಕಳೆದ ಕೀ ಕೂಡ ನಮಗೆ ಲಾಭಾನೇ ಸರ್. ಯಾರು ಕೇಳ್ತಾರೆ?"

ಬೀಗರ ಮನೆ ಎಲ್ಲಿದೆಯೋ ಯಾರಿಗೂ ತಿಳಿದಿರಲಿಲ್ಲ. ಪೊಲೀಸರೆಂದು ಫೋನ್ ಮಾಡಿದರೆ ಓಡಿಹೋಗಬಹುದು. ಗಿರಾಕಿಯೊಬ್ಬರ ದನಿಯಲ್ಲಿ ಮಾತಾಡಿ, ಕೀಲಿ ಕೇಳುವ ನೆಪದಲ್ಲಿ ಜಾಗ ತಿಳಿಯೋಣ ಎಂದ ರೇಡಿಯೋ. ಅವನು ಆಗತಾನೇ ಒಬ್ಬ ಹಲ್ಲಿನ ಡಾಕ್ಟರ ಜೊತೆ ಮಾತಾಡಿದ್ದ. ಮೂಗಿನ ದನಿ, ಪ್ರತಿ ಮಾತಿಗೂ ಮೊದಲು ಒಂದು ಕೆಮ್ಮು. ಇನ್‌ಸ್ಪೆಕ್ಟರ್ ಒಪ್ಪಿದರು.

ಸಂಜೆ ಐದಕ್ಕೆ ಸ್ಪೀಕರ್ ಹಾಕಿ ಕರೆ ಮಾಡಿದರು. ಒಂದು ರಿಂಗು ಪೂರ್ತಿ ಆಗುವ ಮೊದಲೇ ಆ ಕಡೆ ಎತ್ತಿಯಾಗಿತ್ತು.

ರೇಡಿಯೋ ಕೆಮ್ಮಿದ. "ನಾನಪ್ಪಾ, ಹಲ್ಲಿನ ಡಾಕ್ಟ್ರು."

"ಡಾಕ್ಟ್ರೇ! ಹೇಗಿದ್ದೀರಿ? ಅಮ್ಮನ ಮಂಡಿ ನೋವು ಹೇಗಿದೆ? ಸಣ್ಣ ಮಗಳು ಈಗ್ಲೂ ಬೆಕ್ಕು ಕಂಡ್ರೆ..." ಮಾತು ಅಲ್ಲಿಗೇ ನಿಂತಿತು. ಫ್ಯಾನಿನ ಸದ್ದು ಕೇಳಿಸುತ್ತಿತ್ತು. "ನೀವು ಡಾಕ್ಟ್ರಲ್ಲ."

ರೇಡಿಯೋ ಇನ್ನೊಮ್ಮೆ ಕೆಮ್ಮಿದ.

"ದನಿ ಅವರದ್ದೇ. ಚೆನ್ನಾಗಿ ಮಾಡ್ತೀರಿ. ಆದ್ರೆ ಡಾಕ್ಟ್ರು ನನಗೆ ಫೋನ್ ಮಾಡಲ್ಲ. ಪರವಾಗಿಲ್ಲ, ಇಡಬೇಡಿ. ಮಾತಾಡಿ."

ಬಾಯಿ ಮುಚ್ಚಿದ ರೇಡಿಯೋವನ್ನು ಠಾಣೆ ಅಂದೇ ಮೊದಲು ನೋಡಿದ್ದು. ಇನ್‌ಸ್ಪೆಕ್ಟರ್ ಫೋನ್ ತೆಗೆದುಕೊಂಡು ತಾವು ಯಾರೆಂದು ಹೇಳಿದರು.

"ಸವಾರಿ ಅಕ್ಕಂಗೆ ಇನ್ಶೂರೆನ್ಸ್ ದುಡ್ಡು ಬಂತಾ ಸರ್?" ಅವನು ಕೇಳಿದ ಮೊದಲ ಮಾತು ಅದು.

"ಇಲ್ಲ. ಎರಡು ಕೀ ಕೇಳ್ತಿದ್ದಾರೆ. ಅವರ ಹತ್ರ ಒಂದೇ ಇದೆ. ಗಾಡಿ ಅವರೇ ಸಾಗಿಸಿದ್ದಾರೆ ಅಂತ ಅನುಮಾನ."

"ಎರಡು ಕೀ ಕೇಳ್ತಾರಾ?"

ಎಂಟು ವರ್ಷ ಪಾಲಿಸಿ ಮಾರಿದವನಿಗೆ ಅದು ಗೊತ್ತಿರಲಿಲ್ಲ. ಗಾಡಿ ಕಳೆದುಕೊಂಡವರು ಹೋಗುವುದು ಹಿಂದಿನ ಕೌಂಟರಿಗೆ. ಅವನು ನಿಂತದ್ದು ಯಾವಾಗಲೂ ಮುಂದೆ.

"ಬನ್ನಿ ಸರ್," ಎಂದ. "ಗಾಡಿ ಇಲ್ಲೇ ಇದೆ." ಬೀದಿಯ ಹೆಸರು ಹೇಳಿ, ನೀಲಿ ಗೇಟು, ನೆಲಮಹಡಿ ಎಂದ. ಪೊಲೀಸರು ಬರುವವರೆಗೆ ಗೇಟಿನಲ್ಲೇ ನಿಂತಿದ್ದ. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ. ಕಾನ್‌ಸ್ಟೆಬಲ್‌ಗಳಿಗೂ ಚಪ್ಪಲಿ ಬಿಡುವುದು ಬೇಡ, ಹಾಗೇ ಬನ್ನಿ ಎಂದು ಉಪಚಾರ ಮಾಡಿದ.

ಮೇಲಿನ ಮನೆಯ ಒಡತಿಯೂ ಎದುರಿನ ಹಾಲಿನಂಗಡಿಯವನೂ ಪಂಚರಾಗಿ ನಿಂತರು. ಒಂದೇ ಕೋಣೆ. ಮಂಚವನ್ನು ನೆಟ್ಟಗೆ ಎತ್ತಿ ಗೋಡೆಗೆ ಒರಗಿಸಿತ್ತು. ಮಲಗುವ ಜಾಗದಲ್ಲಿ ಕೆಂಪು ಗಾಡಿ. ಟೈರಿನ ಸಂದಿನ ಮರಳನ್ನೂ ಬಿಡದೆ ತೊಳೆದು, ಹ್ಯಾಂಡಲ್ಲಿಗೆ ಡೆಲಿವರಿ ದಿನ ಕಟ್ಟುವಂಥ ರಿಬ್ಬನ್ ಕಟ್ಟಿದ್ದ. ಪಕ್ಕದ ನೆಲದಲ್ಲಿ ಚಾಪೆ. ಒಂದು ತಟ್ಟೆ, ಒಂದು ಲೋಟ. ಗೋಡೆಯ ಮೊಳೆಗಳಲ್ಲಿ ಹದಿನೇಳು ಕೀಲಿ, ಪ್ರತಿಯೊಂದಕ್ಕೂ ಕಟ್ಟಿದ ಚೀಟಿ. ಇನ್‌ಸ್ಪೆಕ್ಟರ್ ಓದುತ್ತಾ ಹೋದರು, ರೇಡಿಯೋ ಪಂಚನಾಮೆಗೆ ಬರೆದುಕೊಂಡ. 'ಹಲ್ಲಿನ ಡಾಕ್ಟ್ರು. ಸಣ್ಣ ಮಗಳಿಗೆ ಬೆಕ್ಕು ಭಯ.' 'ಮೇಷ್ಟ್ರು. ಸಕ್ಕರೆ ಇಲ್ಲದ ಚಹಾ, ನನಗೆ ಮಾತ್ರ ಸಕ್ಕರೆ ಹಾಕ್ತಾರೆ.' 'ಸವಾರಿ ಅಕ್ಕ. ಅಣ್ಣಾ ಅಂದ್ರು.'

"ಈ ಕೀಗಳು ಯಾಕೆ?"

"ಕೇಳ್ಕೊಂಡು ಬರ್ತಾರೆ ಅಂತ ಸರ್. ಬಂದ್ರೆ ಕೊಡೋದು."

"ಬಂದ್ರಾ?"

"ಸರ್ವಿಸ್‌ಗೆ ಹೋದ್ರು."

"ಗಾಡಿ ಯಾಕೆ ತಂದೆ? ಕಮಿಷನ್ನಿಗಾ?"

"ಒಂದು ಗಾಡಿಗೆ ನನಗೆ ಸಿಗೋದು ಒಂದು ಜೊತೆ ಚಪ್ಪಲಿ ದುಡ್ಡು." ಅವನು ರಿಬ್ಬನ್ನಿನ ಗಂಟು ಸರಿಮಾಡಿದ. "ಗಾಡಿ ಹೋದ್ರೆ ಇನ್ಶೂರೆನ್ಸ್ ಬರುತ್ತೆ, ಅಕ್ಕಂಗೆ ನಷ್ಟ ಇಲ್ಲ ಅಂದ್ಕೊಂಡೆ. ಆಮೇಲೆ ಹೊಸದು ತಗೋಬೇಕಲ್ಲ, ನನ್ನ ಹತ್ರಾನೇ ಬರಬೇಕು. ಮತ್ತೆ ಮೂರು ಸಂಜೆ ಸಿಗುತ್ತೆ ಸರ್."

"ಈ ಗಾಡೀನ ಏನು ಮಾಡೋನಿದ್ದೆ?"

"ಅದು ಯೋಚನೆ ಮಾಡಿರಲಿಲ್ಲ."

ಆರೂ ಮುಕ್ಕಾಲಿಗೆ ಅವನನ್ನು ದಸ್ತಗಿರಿ ಮಾಡಲಾಯಿತು. ಮನೆಯವರಿಗೆ ವಿಷಯ ತಿಳಿಸಬೇಕೆಂಬ ನಿಯಮದಂತೆ, ಯಾರಿಗೆ ಫೋನ್ ಮಾಡಬೇಕೆಂದು ರೇಡಿಯೋ ಕೇಳಿದ. ಅವನು ತನ್ನ ಫೋನಿನಲ್ಲಿ ಬಹಳ ಹೊತ್ತು ಹುಡುಕಿದ. ಕೊನೆಗೆ ಮ್ಯಾನೇಜರ್ ನಂಬರು ಕೊಟ್ಟ.

ಗಾಡಿಯನ್ನೂ ಕೀಲಿಯನ್ನೂ ಗುರುತಿಸಲು ಸವಾರಿ ಅಕ್ಕ ಠಾಣೆಗೆ ಬಂದಳು. ಸುಳ್ಳು ದೂರಿನ ಅನುಮಾನ ತೀರಿತು, ಕೋರ್ಟಿಗೆ ಅರ್ಜಿ ಹಾಕಿ ಗಾಡಿ ಬಿಡಿಸಿಕೊಳ್ಳಬಹುದು ಎಂದು ಇನ್‌ಸ್ಪೆಕ್ಟರ್ ಹೇಳಿದರು. ಆಕೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಬೈಯಲೆಂದೇ ಅವನನ್ನು ಕೂರಿಸಿದ್ದ ಬೆಂಚಿನ ಹತ್ತಿರ ಹೋದವಳಿಗೆ ಬೈಗುಳ ಬರಲಿಲ್ಲ.

"ಚಹಾ ಕುಡಿಯೋಕೆ ಬರಬೇಕು ಅನ್ನಿಸಿದ್ರೆ ಒಂದು ಫೋನ್ ಮಾಡಬಾರದಿತ್ತಾ ಅಣ್ಣಾ?"

"ಮಾಡಿದ್ದೆ ಅಕ್ಕಾ. ಸದ್ಯಕ್ಕೆ ಏನೂ ತಗೊಳ್ಳಲ್ಲ ಅಂತ ಇಟ್ಟುಬಿಟ್ರಿ."

ಆಕೆಗೆ ಆ ಕರೆ ನೆನಪಿರಲಿಲ್ಲ.

ರೈಟರ್ ಪೆನ್ನು ಹಿಡಿದು ಕಾಯುತ್ತಿದ್ದ. ಉದ್ದೇಶ ಏನೆಂದು ಬರೆಯಲಿ, ಲಾಭ ಎಂದೇ ಎಂದು ಕೇಳಿದ.

"ದೂರುದಾರರು ಮತ್ತೆ ತನ್ನ ಬಳಿಗೆ ಬರಲಿ ಎಂಬ ಉದ್ದೇಶದಿಂದ. ಹಾಗೇ ಬರಿ," ಎಂದರು ಇನ್‌ಸ್ಪೆಕ್ಟರ್.

"ಕೋರ್ಟಲ್ಲಿ ನಗ್ತಾರೆ ಸರ್."

"ನಗಲಿ."

ಲಾಕಪ್ಪಿಗೆ ಬೀಗ ಹಾಕಿದ್ದು ರೇಡಿಯೋ. ಕೀಲಿ ತಿರುಗಿಸುವಾಗ ಸೋಮವಾರದಿಂದ ಕಾದಿದ್ದ ಮಾತೊಂದು, ಬೀಗರೂ ಬೀಗವೂ ಕೂಡಿದ್ದು, ತಾನಾಗಿ ನಾಲಿಗೆಯ ತುದಿಗೆ ಬಂತು. ಅವನು ಅದನ್ನು ನುಂಗಿಕೊಂಡು ಹೊರಟ.

"ಆ ಡಾಕ್ಟ್ರ ದನಿ," ಎಂದ ಒಳಗಿದ್ದವನು. "ಇನ್ನೊಂದ್ಸಲ ಮಾಡ್ತೀರಾ?"

ರೇಡಿಯೋ ಒಂದು ಸ್ಟೂಲು ಎಳೆದುಕೊಂಡು ಕಂಬಿಯ ಹತ್ತಿರ ಕೂತ. ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ಏನಪ್ಪಾ," ಎಂದ ಮೂಗಿನ ದನಿಯಲ್ಲಿ. "ಎಷ್ಟು ದಿನ ಆಯ್ತು ಈ ಕಡೆ ಬಂದು. ಊಟ ಆಯ್ತಾ?"